ಮುಂದಿನ ಸಾಲು

"ಕಾಕಾ, ಈ ಸಲ ಪುಸ್ತಕ ಬ್ಯಾಡ," ಎಂದು ಮಕ್ಸೂದ್ ಸರ್ ಹೇಳಿದಾಗ ಮಾಣಿಕಪ್ಪ ತನ್ನ ಉದ್ದನೆಯ ನೋಟುಬುಕ್ಕನ್ನು ಎದೆಗೆ ಒತ್ತಿಕೊಂಡು ವೇದಿಕೆಯ ಪಕ್ಕದಲ್ಲಿ ನಿಂತಿದ್ದ. ಹೊಸ ನಾಟಕದ ಮಾತುಗಳನ್ನೆಲ್ಲ ನಾಲ್ಕು ದಿನ ಕೂತು ದುಂಡಗೆ ಬರೆದುಕೊಂಡಿದ್ದ. ಗಂಡಸರ ಮಾತು ನೀಲಿ ಶಾಯಿಯಲ್ಲಿ, ಹೆಂಗಸರದು ಕೆಂಪಿನಲ್ಲಿ. ಮೂವತ್ತೊಂದು ವರ್ಷದಿಂದ ಇದೇ ಕ್ರಮ.

"ಬ್ಯಾಡ ಅಂದ್ರ?"

"ಪ್ರಾಂಪ್ಟಿಂಗೇ ಬ್ಯಾಡ್ರಿ. ಹುಡುಗ್ರು ಮಾತು ಬಾಯಿಪಾಠ ಮಾಡ್ತಾರ. ಹಿಂದಿಂದ ನೀವು ಹೇಳೋದು, ಮುಂದ ಅವ್ರು ಒಪ್ಪಸೋದು, ಅದು ನಾಟಕ ಆಗಂಗಿಲ್ಲ. ಯುವಜನೋತ್ಸವದಾಗ ಹೊರಗಿನ ದನಿ ಕೇಳಿಸ್ತಂದ್ರ ಟೀಮನ್ನೇ ತೆಗದು ಹಾಕ್ತಾರ. ನೀವು ದಿನಾ ಬರ್ರಿ, ಮುಂದ ಕುಂತು ಆರಾಮ್ ನೋಡ್ರಿ."

ಮಕ್ಸೂದ್ ಸರ್ ಕೆಟ್ಟವರಲ್ಲ. ಊರಿನ ರೋಜಾ ಬಡಾವಣೆಯವರು, ಇಂಗ್ಲಿಷಿನ ಅತಿಥಿ ಉಪನ್ಯಾಸಕರು, ನಾಟಕದ ಶಾಲೆಯೊಂದರಲ್ಲಿ ಒಂದು ವರ್ಷ ಕಲಿತು ಬಂದವರು. ಹೇಳಿದ್ದನ್ನು ಗೌರವದಿಂದಲೇ ಹೇಳಿದ್ದರು. ಆದರೆ ಗೌರವದಿಂದ ಹೇಳಿದ ಮಾತ್ರಕ್ಕೆ ಮಾತಿನ ಪೆಟ್ಟೇನು ಕಡಿಮೆಯಾಗುತ್ತದೆಯೇ? ಮಾಣಿಕಪ್ಪ "ಆಯ್ತ್ರಿ ಸರ್" ಎಂದು ನೋಟುಬುಕ್ಕನ್ನು ಬಗಲಿಗೆ ಸೇರಿಸಿಕೊಂಡು ಹೋಗಿ ನಾಲ್ಕು ಗಂಟೆಯ ಗಂಟೆ ಹೊಡೆದ. ಇನ್ನೂ ಐದು ನಿಮಿಷ ಬಾಕಿ ಇತ್ತು.

ಮಿಷನ್ ಕಾಲೇಜೆಂದರೆ ಕಲಬುರಗಿಯಲ್ಲಿ ದೊಡ್ಡ ಹೆಸರೇನಲ್ಲ. ಖೂಬಾ ಪ್ಲಾಟಿನ ಹಿಂದೆ ಎರಡಂತಸ್ತಿನ ಕಟ್ಟಡ, ಅಂಗಳದಲ್ಲೊಂದು ಬೇವಿನ ಮರ, ಪ್ರಾರ್ಥನೆಗೊಂದು ಸಭಾಂಗಣ. ನೂರೆಂಬತ್ತು ವಿದ್ಯಾರ್ಥಿಗಳಲ್ಲಿ ಕ್ರೈಸ್ತರು ಮೂವತ್ತು ಮಂದಿಯೂ ಇಲ್ಲ. ಆದರೂ ಹಾಡು ಮತ್ತು ನಾಟಕವನ್ನು ಮಾತ್ರ ಕಾಲೇಜು ಹಟ ಹಿಡಿದು ಉಳಿಸಿಕೊಂಡಿತ್ತು. ಜೂನಿನಲ್ಲಿ ಸ್ವಾಗತದ ಹಾಡು, ಶಿಕ್ಷಕರ ದಿನಕ್ಕೊಂದು ನಗೆನಾಟಕ, ನವೆಂಬರಿನಲ್ಲಿ ವಿಶ್ವವಿದ್ಯಾಲಯದ ಯುವಜನೋತ್ಸವದ ಸ್ಪರ್ಧೆ, ಡಿಸೆಂಬರಿನಲ್ಲಿ ಕ್ರಿಸ್ಮಸ್ ಹಾಡುಗಳು, ಫೆಬ್ರವರಿಯಲ್ಲಿ ವಾರ್ಷಿಕೋತ್ಸವದ ಗ್ಯಾದರಿಂಗು. ಮಾಣಿಕಪ್ಪನಿಗೆ ಸಂಬಳ ಬರುತ್ತಿದ್ದದ್ದು ಗಂಟೆ ಹೊಡೆಯುವುದಕ್ಕೆ, ನೀರಿನ ಟ್ಯಾಂಕು ತುಂಬಿಸುವುದಕ್ಕೆ. ಅವನು ಬದುಕಿದ್ದು ಪರದೆಯ ಪಕ್ಕದಲ್ಲಿ. ಬರುವ ಮಾರ್ಚಿಗೆ ಅವನಿಗೆ ನಿವೃತ್ತಿ.

ಮುಂದಿನ ಸಾಲು ಎತ್ತಿಕೊಡುವುದು ಅವನಿಗೆ ಅಪ್ಪನಿಂದ ಬಂದದ್ದು. ಹುಟ್ಟೂರು ಕಮಲಾಪುರದ ತಗಡಿನ ಚರ್ಚಿನಲ್ಲಿ ಆಗ ಓದು ಬಲ್ಲವನು ಅಪ್ಪ ಒಬ್ಬನೇ. ದೇವರ ಪದದ ಒಂದೊಂದೇ ಸಾಲನ್ನು ಅಪ್ಪ ಗಟ್ಟಿಯಾಗಿ ಹೇಳುವುದು, ಅದನ್ನು ಕೇಳಿಸಿಕೊಂಡು ಸಭೆಯೆಲ್ಲ ರಾಗ ಎಳೆದು ಹಾಡುವುದು. ಅಪ್ಪನ ನಂತರ ಆ ಕೆಲಸ ಮಗನಿಗೆ ಬಂತು. ಪ್ರತಿ ಡಿಸೆಂಬರಿನಲ್ಲಿ ಕಾಲೇಜಿನ ಹಾಡುಗಾರರು ಕಮಲಾಪುರಕ್ಕೆ ಹೋದಾಗ ಕೊನೆಯ ಪದವನ್ನು ಎತ್ತಿಕೊಡುವವನು ಮಾಣಿಕಪ್ಪನೇ. ಅವನು ಸಾಲು ಹೇಳದೆ ಅಲ್ಲಿ ಯಾರೂ ಬಾಯಿ ತೆರೆಯುತ್ತಿರಲಿಲ್ಲ. ಯಾರಾದರೂ ಸುಮ್ಮನಾದರೆಂದರೆ ಅವರಿಗೆ ಮಾತು ಬೇಕಾಗಿದೆ ಎಂದೇ ಅವನ ಲೆಕ್ಕ.

ಆ ವರ್ಷ ಅವನು ತಾಲೀಮಿನ ಕಡೆ ತಲೆ ಹಾಕಲಿಲ್ಲ. ಹೋಗಬೇಕೆನಿಸುತ್ತಿತ್ತು, ಆದರೆ ಸಿಟ್ಟು ಬಿಡಲಿಲ್ಲ. ಮೂವತ್ತೊಂದು ವರ್ಷ ನಿಂತವನು ಈಗ ಕುರ್ಚಿ ಹಾಕಿಕೊಂಡು ಬೀಗರ ಹಾಗೆ ಕೂರಬೇಕೇ? ಸಂಜೆ ಸಭಾಂಗಣದಿಂದ ಮಾತು, ನಗು, ವಿದ್ಯಾರ್ಥಿ ಉಜೈರ್ ನುಡಿಸುವ ಹಾರ್ಮೋನಿಯಂ ಎಲ್ಲ ಕೇಳಿಸುತ್ತಿತ್ತು. ಮಾಣಿಕಪ್ಪ ಕಿಟಕಿಗಳನ್ನು ಮುಚ್ಚುತ್ತ, ಗಿಡಗಳಿಗೆ ನೀರು ಹಾಕುತ್ತ ದೂರದಲ್ಲೇ ತಿರುಗಾಡಿದ.

ಪ್ರಿನ್ಸಿಪಾಲ್ ಮೇಡಂ ಒಮ್ಮೆ ಚಹಾ ತಂದಿಟ್ಟವನನ್ನು ನಿಲ್ಲಿಸಿ ಹೇಳಿದರು. "ಮಾಣಿಕಪ್ಪ, ಮ್ಯಾನೇಜ್‌ಮೆಂಟಿನವ್ರು ನಾಟಕ ಬಂದ್ ಮಾಡ್ರಿ ಅನ್ನಾಕತ್ತಾರ. ಈ ಸಲ ಯುವಜನೋತ್ಸವದಾಗ ಒಂದ್ ಬಹುಮಾನ ಬಂತು ಅಂದ್ರ ಅವ್ರ ಬಾಯಿ ಮುಚ್ಚಬಹುದು. ಇಲ್ಲಂದ್ರ ನನ್ನ ಕೈಯಾಗ ಏನೂ ಉಳಿಯಂಗಿಲ್ಲ."

"ಬರ್ತದ್ರಿ ಮೇಡಂ. ಕಾವೇರಿ ಅದಾಳಲ್ರಿ," ಎಂದ ಮಾಣಿಕಪ್ಪ.

ಕಾವೇರಿ ಕಮಲಾಪುರದ ಹುಡುಗಿ, ಬಿ.ಎ. ಕೊನೆಯ ವರ್ಷ. ದಿನವೂ ಬಸ್ಸಿನಲ್ಲಿ ಬಂದು ಹೋಗುವವಳು. ಮೊದಲ ವರ್ಷ ವೇದಿಕೆ ಹತ್ತಿದಾಗ ಎರಡು ಮಾತಾಡಿ ಮೂರನೆಯದನ್ನು ಮರೆತಿದ್ದಳು. ಆಗ ಒಂದೊಂದು ಶಬ್ದವನ್ನೂ ತುತ್ತಿಟ್ಟ ಹಾಗೆ ಕೊಟ್ಟು ಅವಳನ್ನು ದಡ ಸೇರಿಸಿದ್ದು ಮಾಣಿಕಪ್ಪ. ಎರಡು ವರ್ಷ ಹಾಗೇ ನಡೆದಿತ್ತು. ಈಗ ಅವಳದೇ ಮುಖ್ಯ ಪಾತ್ರ. ಅಕ್ಟೋಬರಿನಲ್ಲಿ ಅವಳೇ ಬಂದು, "ಕಾಕಾ, ಒಮ್ಮೆರ ಬಂದು ನೋಡ್ರಿ, ಭಾಳ ಛಲೋ ಆಗ್ಯಾದ," ಎಂದಳು.

"ನಾ ಯಾಕವ್ವಾ? ನಿಮಗ ಎಲ್ಲಾ ಬಾಯಿಪಾಠ ಬರ್ತದ," ಎಂದ. ಹುಡುಗಿಯ ಮುಖ ಸಣ್ಣದಾದದ್ದು ಕಂಡಿತು. ಕಂಡರೂ ಹೋಗಲಿಲ್ಲ.

ಹೋಗಲಿಲ್ಲವೆಂದರೂ ನೋಟುಬುಕ್ಕನ್ನು ಅವನು ಬಿಟ್ಟಿರಲಿಲ್ಲ. ಮನೆಯಲ್ಲಿ ಒಬ್ಬನೇ ಇರುವವನು, ಹೆಂಡತಿ ಕರುಣಮ್ಮ ತೀರಿಕೊಂಡು ನಾಲ್ಕು ವರ್ಷ. ಬೆಳಿಗ್ಗೆ ಚಹಾ ಕುಡಿಯುತ್ತ ಪುಟ ತಿರುವಿ ತಿರುವಿ ನಾಟಕ ಪೂರ್ತಿ ಅವನ ನಾಲಿಗೆಯ ಮೇಲೆ ಕೂತಿತ್ತು. ಅದರಲ್ಲಿ ಹೆಂಗಸೊಬ್ಬಳು ಏಳು ವರ್ಷದಿಂದ ನಾಪತ್ತೆಯಾದ ಗಂಡ ಸತ್ತನೆಂದು ಬರೆಸಿಕೊಳ್ಳಲು ಕಚೇರಿಗೆ ಬರುತ್ತಾಳೆ. ಅವನ ಹೆಸರನ್ನು ಅವಳೇ ಬಾಯಿಬಿಟ್ಟು ಹೇಳಿದ ಹೊರತು ಬರೆಯುವುದಿಲ್ಲ ಎನ್ನುತ್ತಾನೆ ಗುಮಾಸ್ತ. ಗಂಡನ ಹೆಸರನ್ನು ಜನ್ಮದಲ್ಲೇ ಆಡದ ಹೆಂಗಸು ಅವಳು. ಕೊನೆಗೆ ನೀಲಿಯಲ್ಲಿ ಗುಮಾಸ್ತನ ಮಾತು, "ಗಂಡನ ಹೆಸರು?" ಅದರ ಕೆಳಗೇ ಕೆಂಪಿನಲ್ಲಿ, "ಲಾಲಪ್ಪ." ನೋಟುಬುಕ್ಕಿನಲ್ಲಿ ಆ ಎರಡು ಸಾಲುಗಳ ನಡುವೆ ಒಂದು ಬೆರಳಿನ ಜಾಗವೂ ಇರಲಿಲ್ಲ.

ಯುವಜನೋತ್ಸವದ ದಿನ ಮಧ್ಯಾಹ್ನ ರಂಗಮಂದಿರ ತುಂಬಿತ್ತು. ಮಾಣಿಕಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನಾಲ್ಕನೇ ಸಾಲಿನ ಕುರ್ಚಿಯಲ್ಲಿ ಕೂತ. ಸಿಟ್ಟೆಲ್ಲ ಎಂದೋ ಕರಗಿ, ಮಕ್ಕಳು ಗೆಲ್ಲಲಿ ಎಂಬ ಒಂದೇ ಆಸೆ ಉಳಿದಿತ್ತು. ನಾಟಕವನ್ನು ಮುಂದಿನಿಂದ ನೋಡುವುದು ಅವನಿಗೆ ಅದೇ ಮೊದಲು. ಈವರೆಗೆ ನಟರ ಕಿವಿ, ಕೆನ್ನೆ, ಬೆವೆತ ಕುತ್ತಿಗೆ ಅಷ್ಟೇ ಅವನ ಪಾಲಿಗೆ ಬಂದಿದ್ದವು. ಪರದೆ ಸರಿದು ಕಾವೇರಿ ಸೆರಗು ಹೊದ್ದು ಬಂದಾಗ ಅವಳಿಗೆ ಇಷ್ಟು ದೊಡ್ಡ ಕಣ್ಣುಗಳಿವೆ ಎಂದು ಅವನಿಗೆ ಗೊತ್ತಾಯಿತು.

ಹುಡುಗರು ಒಂದು ಮಾತೂ ತಪ್ಪಲಿಲ್ಲ. ಉಜೈರ್ ಗುಮಾಸ್ತನಾಗಿ ಜನರನ್ನು ನಗಿಸಿದ. ಮಾಣಿಕಪ್ಪನ ತುಟಿಗಳು ತಮ್ಮಷ್ಟಕ್ಕೆ ಪ್ರತಿ ಮಾತಿನ ಮುಂದೆ ಮುಂದೆ ಅಲುಗುತ್ತಿದ್ದವು. ಕೊನೆಯ ದೃಶ್ಯ ಬಂತು. "ಗಂಡನ ಹೆಸರು?" ಎಂದ ಉಜೈರ್.

ಕಾವೇರಿ ಬಾಯಿ ತೆರೆದಳು. ಮಾತು ಬರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಜನರೆಲ್ಲ ಸ್ತಬ್ಧರಾದರು. ಮಾಣಿಕಪ್ಪ ಕುರ್ಚಿಯ ತುದಿಗೆ ಸರಿದ. ಮರೆತಳು, ಹುಡುಗಿ ಮರೆತಳು. ಒಂದೇ ಒಂದು ಶಬ್ದಕ್ಕೆ ಇಡೀ ವರ್ಷ ನೀರುಪಾಲಾಗುತ್ತದೆ. ಅವಳು ತಲೆ ಎತ್ತಿ ಕತ್ತಲೆಯ ಕಡೆ, ಅವನ ಕಡೆಗೇ, ನೋಡಿದ ಹಾಗಾಯಿತು. ಮೂವತ್ತೊಂದು ವರ್ಷದ ರೂಢಿ ಅವನನ್ನು ಕೇಳಿ ಕೆಲಸ ಮಾಡಲಿಲ್ಲ.

"ಲಾಲಪ್ಪ," ಎಂದಿತು ನಾಲ್ಕನೇ ಸಾಲಿನ ದನಿ. ಹಿಂದಿನ ಗೋಡೆಗೂ ಕೇಳಿಸುವಂಥ ಸ್ಪಷ್ಟ ದನಿ.

ಯಾರೋ ಕಿಸಕ್ಕೆಂದರು. ಆಮೇಲೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಗು ಹರಡಿತು. ಶಿಳ್ಳೆಯೂ ಬಿತ್ತು. ಕಾವೇರಿ ನಿಂತಲ್ಲೇ ನಿಂತಳು. ನಗು ಇಳಿದ ಮೇಲೆ ಅವಳೂ ಆ ಹೆಸರನ್ನು ಹೇಳಿದಳು, ಆದರೆ ಅದನ್ನು ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಸಂಜೆ ನಿರ್ಣಾಯಕರು ಹೊರಗಿನ ದನಿಯ ಕಾರಣಕ್ಕೆ ತಂಡವನ್ನು ಸ್ಪರ್ಧೆಯಿಂದ ಕೈಬಿಟ್ಟಿದ್ದೇವೆ ಎಂದು ಮೈಕಿನಲ್ಲಿ ಹೇಳಿದರು.

ಮಕ್ಸೂದ್ ಸರ್ ಬೈದಿದ್ದರೆ ಚೆನ್ನಾಗಿತ್ತು. ಅವರು ಸಾಮಾನು ಕಟ್ಟುತ್ತ, ತಲೆ ಎತ್ತದೆ, "ರಿಹರ್ಸಲಿಗೆ ಒಂದಿನ ಬಂದಿದ್ರ ಗೊತ್ತಾಗ್ತಿತ್ತು ಕಾಕಾ," ಎಂದರು ಅಷ್ಟೇ. ಕಾವೇರಿ ಮುಖ ತೊಳೆದುಕೊಂಡು ಬಂದಿದ್ದಳು. ಬಸ್ಸಿಗೆ ಹೊರಡುವ ಮುಂಚೆ ಅವನ ಮುಂದೆ ನಿಂತಳು.

"ನಾ ಮರ್ತಿರ್ಲಿಲ್ಲ ಕಾಕಾ. ಅಲ್ಲಿ ಸುಮ್ನ ನಿಲ್ಲೋದೇ ಇತ್ತು. ಮೂರು ತಿಂಗಳು ಅದನ್ನ ಕಲ್ತಿದ್ದೆ."

ಮಾಣಿಕಪ್ಪ ಬ್ರಹ್ಮಪುರದ ತನ್ನ ಮನೆಯವರೆಗೆ ಆಟೋ ಹತ್ತದೆ ನಡೆದೇ ಹೋದ.

ಹದಿನೈದು ದಿನದಲ್ಲಿ ಮ್ಯಾನೇಜ್‌ಮೆಂಟಿನ ಪತ್ರ ಬಂತು. ಫೆಬ್ರವರಿಯ ಗ್ಯಾದರಿಂಗಿಗೆ ನಾಟಕವಿಲ್ಲ, ಮುಂದಿನ ವರ್ಷದಿಂದಲೂ ಇಲ್ಲ. ಆ ಪತ್ರವನ್ನು ನೋಟೀಸು ಬೋರ್ಡಿಗೆ ಹಾಕುವ ಕೆಲಸ ಮಾಣಿಕಪ್ಪನದೇ. ನಾಲ್ಕು ಮೂಲೆಗೂ ಪಿನ್ನು ಚುಚ್ಚಿದ. ತನ್ನ ಕೈಯಾರೆ ಆದದ್ದು ಎಂಬ ನೋವು ಅವನನ್ನು ಬಿಡಲಿಲ್ಲ. ಮೈ ದಣಿದಿದ್ದರೆ ಮಲಗಿ ಎದ್ದರೆ ಹೋದೀತು, ಇದು ಹಾಗೆ ಹೋಗುವ ದಣಿವಾಗಿರಲಿಲ್ಲ.

ಕ್ರಿಸ್ಮಸ್ಸಿನ ಹಿಂದಿನ ಭಾನುವಾರ ಹಾಡುಗಾರರು ಕಮಲಾಪುರಕ್ಕೆ ಹೋಗುವುದು ಮಾತ್ರ ನಿಂತಿರಲಿಲ್ಲ. ಹಾಡು ಮುಗಿಯುವ ಮುಂಚೆ ಚರ್ಚಿನ ಅಂಗಳದಲ್ಲಿ ನಾಟಕವನ್ನೂ ಒಮ್ಮೆ ಆಡೋಣವೆಂದು ಕಾವೇರಿಯೇ ಮಕ್ಸೂದ್ ಸರ್ ಅವರನ್ನು ಕೇಳಿಕೊಂಡಿದ್ದಳು. ಊರ ಜನ ನೋಡಲಿ, ಅದೇ ಕೊನೆಯದಾಗಲಿ ಎಂದು. ಶನಿವಾರ ಅವಳು ಬೇವಿನ ಮರದ ಕೆಳಗೆ ಕೂತಿದ್ದ ಮಾಣಿಕಪ್ಪನ ಹತ್ತಿರ ಬಂದಳು.

"ನಾಳೆ ನೀವು ಮುಂದ ಕುಂದರಬೇಕ್ರಿ ಕಾಕಾ."

"ಬ್ಯಾಡವ್ವಾ. ನಾ ಹೊರಗ ಗಾಡಿ ಹತ್ರ ಇರ್ತೀನಿ. ನನ್ನ ಬಾಯಿ ಮ್ಯಾಲ ನಂಗೇ ಭರೋಸಾ ಇಲ್ಲ."

"ಮುಂದೇ ಕುಂದರ್ರಿ," ಎಂದಳು. "ಸುಮ್ನ ಇರೋದನ್ನ ಕಲಿಯಾಕ ನಂಗೂ ಮೂರು ತಿಂಗಳು ಹಿಡೀತು."

ಕಮಲಾಪುರದ ಅಂಗಳದಲ್ಲಿ ಮಧ್ಯಾಹ್ನದ ಬಿಸಿಲು ಇಳಿಯುತ್ತಿತ್ತು. ತೋಟದವರು ಕೊಟ್ಟ ಕೆಂಪು ಬಾಳೆಯ ಗೊನೆಯೊಂದು ಬಾಗಿಲಿಗೆ ಒರಗಿತ್ತು. ಜಮಖಾನೆಯ ಮೇಲೆ ಒಂದು ಕಡೆ ಹೆಂಗಸರು, ಒಂದು ಕಡೆ ಗಂಡಸರು. ಹೆಂಗಸರ ಮುಂದೆ, ಎಪ್ಪತ್ತು ದಾಟಿದ ತುಳಜಾಬಾಯಿ. ಅವನ ಅಪ್ಪನ ಕಾಲದಿಂದಲೂ ಅದೇ ಚರ್ಚಿನಲ್ಲಿ ಹಾಡಿದವಳು. ಮಾಣಿಕಪ್ಪ ಗಂಡಸರ ಮೊದಲ ಸಾಲಿನಲ್ಲಿ ಕೂತು, ಟವೆಲನ್ನು ಮಡಿಸಿ ಕೈಯಲ್ಲಿ ಹಿಡಿದುಕೊಂಡ.

"ಗಂಡನ ಹೆಸರು?" ಎಂದ ಉಜೈರ್.

ಕಾವೇರಿ ಬಾಯಿ ತೆರೆದಳು. ಮಾಣಿಕಪ್ಪ ಟವೆಲಿನಿಂದ ಬಾಯಿ ಒತ್ತಿ ಹಿಡಿದ. ಈ ಜನ ನಗಲಿಲ್ಲ. ಹೆಂಗಸರ ಕಡೆ ಯಾರೋ, "ಪಾಪ, ಹೆಂಗ ಹೇಳ್ತಾಳ," ಎಂದು ಮೆಲ್ಲಗೆ ಅಂದರು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಕರುಣಮ್ಮ ಹಾಗೇ ಸುತ್ತುತ್ತಿದ್ದಳು. ರೇಶನ್ ಕಾರ್ಡಿನ ಮುಂದೆ, ಮತದ ಚೀಟಿಯ ಮುಂದೆ ಯಾರು ಗಂಡನ ಹೆಸರು ಕೇಳಿದರೂ ಅವಳು ನಾಚಿ ತಲೆ ತಗ್ಗಿಸುವುದು, ಇವನು ಮುಂದೆ ಬಂದು "ಮಾಣಿಕಪ್ಪ" ಎಂದುಬಿಡುವುದು. ಕೊನೆಯ ಸಲ ಆಸ್ಪತ್ರೆಯಲ್ಲಿ ಡಾಕ್ಟರು ಅವಳಿಗೆ ಎಚ್ಚರವಿದೆಯೇ ಎಂದು ನೋಡಲು ಬಗ್ಗಿ ಕೇಳಿದ್ದರು, ಗಂಡನ ಹೆಸರೇನಮ್ಮ ಎಂದು. ಅವಳ ತುಟಿ ಅಲುಗಿತ್ತು. ಮಂಚದ ಈಚೆಗೆ ನಿಂತವನು ತಕ್ಷಣ ತನ್ನ ಹೆಸರು ಹೇಳಿದ್ದ. "ನಿಮಗಲ್ರೀ ಕೇಳಿದ್ದು," ಎಂದು ಡಾಕ್ಟರು ಗದರಿದ್ದರು. ಆಮೇಲೆ ಆ ತುಟಿ ಅಲುಗಲಿಲ್ಲ. ಅವಳು ಹೇಳುತ್ತಿದ್ದಳೋ ಏನೋ. ಇನ್ನೊಂದು ಗಳಿಗೆ ತಾನು ಸುಮ್ಮನಿದ್ದಿದ್ದರೆ.

"ಲಾಲಪ್ಪ," ಎಂದಳು ಕಾವೇರಿ, ಯಾರಿಗೂ ಕೇಳಿಸದೇನೋ ಎಂಬಷ್ಟು ಮೆಲ್ಲಗೆ. ಆದರೂ ಅಂಗಳದಲ್ಲಿ ಎಲ್ಲರಿಗೂ ಕೇಳಿಸಿತು. ಮಾಣಿಕಪ್ಪ ಟವೆಲಿನಿಂದ ಕಣ್ಣು ಒರೆಸಿಕೊಂಡ.

ಪಾಸ್ಟರರು ಎದ್ದು ಪ್ರಾರ್ಥನೆ ಮಾಡಿದರು. "ಮಾಣಿಕಪ್ಪ, ಕೊನಿ ಪದ ಎತ್ತಿಕೊಡ್ರಿ," ಎಂದರು. ಉಜೈರ್ ಹಾರ್ಮೋನಿಯಂ ಎಳೆದುಕೊಂಡು ಸುರ ಹಿಡಿದ. ಮಾಣಿಕಪ್ಪ ಎದ್ದು ನಿಂತ. ಮುದುಕಿಯರು ಎಂದಿನಂತೆ ಅವನ ಬಾಯಿಯನ್ನೇ ನೋಡಿದರು. ಮೊದಲ ಸಾಲು ನಾಲಿಗೆಯ ತುದಿಗೆ ಬಂತು, ಅವನು ಅದನ್ನು ನುಂಗಿಕೊಂಡ. ಹಾರ್ಮೋನಿಯಂನ ಒಂದೇ ಸುರ ಎಳೆಯುತ್ತಲೇ ಇತ್ತು. ಉಜೈರ್ ತಿರುಗಿ ನೋಡಿದ. ಮಕ್ಸೂದ್ ಸರ್ ಅರ್ಧ ಎದ್ದರು. ಕಾವೇರಿ ಅವರ ತೋಳು ಹಿಡಿದು ಕೂರಿಸಿದಳು.

ತುಳಜಾಬಾಯಿ ಗಂಟಲು ಸರಿಮಾಡಿಕೊಂಡಳು. ಅವನ ಕಡೆ ಇನ್ನೊಮ್ಮೆ ನೋಡಿ, ಹಾರ್ಮೋನಿಯಂಗಿಂತ ತಗ್ಗಿನ ತನ್ನದೇ ದನಿಯಲ್ಲಿ, ಮೊದಲ ಸಾಲನ್ನು ತಾನೇ ಎತ್ತಿಕೊಂಡಳು. ಎರಡನೇ ಸಾಲಿಗೆ ಪಕ್ಕದವರು ಸೇರಿದರು, ಮೂರನೆಯದಕ್ಕೆ ಅಂಗಳವೆಲ್ಲ ಸೇರಿತು. ಎಲ್ಲಿಯೂ ಒಂದು ಶಬ್ದ ತಪ್ಪಲಿಲ್ಲ. ಯಾವ ವರ್ಷದಿಂದ ಇವರಿಗೆಲ್ಲ ಇದು ಬಾಯಿಗೆ ಬರುತ್ತಿತ್ತೋ. ಉಜೈರ್‌ನ ಬೆರಳುಗಳು ಕರಿ ಬಿಳಿ ಮನೆಗಳ ಮೇಲೆ ಜಾಗ ಬದಲಿಸುತ್ತ ಅವರ ಸುರವನ್ನು ಹುಡುಕಿದವು. ಮಾಣಿಕಪ್ಪ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತೇ ಇದ್ದ. ಆಮೇಲೆ ಜಮಖಾನೆಯ ಮೇಲೆ ಗಂಡಸರ ನಡುವೆ ಜಾಗ ಮಾಡಿಕೊಂಡು ಕೂತು, ಅವರ ಹಿಂದೆ ಒಂದು ಶಬ್ದದಷ್ಟು ತಡವಾಗಿ, ತಾನೂ ಹಾಡತೊಡಗಿದ.