ಕೆಡವಿದ ಗುಡ್ಡೆಗಳು

ಬೆಳಗ್ಗೆ ಕೆಡವಿ ಬಂದ ಕಲ್ಲುಗುಡ್ಡೆ ಮರುದಿನ ಏನೂ ಆಗಿಲ್ಲವೆಂಬಂತೆ ಎದ್ದು ನಿಂತಿದ್ದರೆ ಯಾರಿಗೆ ತಾನೇ ಪಿತ್ತ ನೆತ್ತಿಗೇರುವುದಿಲ್ಲ? ದಾರಿಯಕ್ಕನಿಗೂ ಏರಿತ್ತು. ಅವಳು ಮತ್ತೆ ಕೆಡವಿದಳು. ಅವು ಮತ್ತೆ ಎದ್ದವು.

ಕಡಲಂಚಿನ ಬಂಡೆಗಳ ಮೇಲೆ ನಡೆಯುವ ದಾರಿಯನ್ನು ನೋಡಿಕೊಳ್ಳುವುದು ಅವಳ ಕೆಲಸ; ಅದಕ್ಕೇ ಊರವರಿಗೆಲ್ಲ ಅವಳು ದಾರಿಯಕ್ಕ. ಬಂಡೆಯ ಮೇಲೆ ಕಾಲ್ದಾರಿ ಮೂಡುವುದಿಲ್ಲ. ಎಷ್ಟು ಕಾಲು ತುಳಿದರೂ ಕಲ್ಲು ಕಲ್ಲಾಗಿಯೇ ಇರುತ್ತದೆ. ಆದ್ದರಿಂದ ಅಲ್ಲಲ್ಲಿ ಮೊಣಕಾಲೆತ್ತರಕ್ಕೆ ಕಲ್ಲು ಪೇರಿಸಿ ಗುಡ್ಡೆ ಕಟ್ಟಿರುತ್ತಾರೆ. ಒಂದರ ಬಳಿ ನಿಂತರೆ ಮುಂದಿನದು ಕಾಣಬೇಕು. ಚಾರಣಕ್ಕೆ ಬರುವವರು ಗುಡ್ಡೆಯಿಂದ ಗುಡ್ಡೆಗೆ ಕಣ್ಣು ನೆಟ್ಟು ನಡೆಯುತ್ತಾರೆ, ಕಾಲ ಕೆಳಗೆ ನೋಡುವುದು ಕಡಿಮೆ. ದಾರಿ ಮುಚ್ಚಬೇಕೆಂದರೆ ಗುಡ್ಡೆಗಳನ್ನು ಕೆಡವಬೇಕು, ಬೇರೆ ಉಪಾಯವಿಲ್ಲ.

ಈಗ ಮುಚ್ಚಬೇಕಾಗಿ ಬಂದದ್ದು ಮೂಗಿನ ದಾರಿಯನ್ನು. ಕಡಲಿಗೆ ಚಾಚಿಕೊಂಡ ದೊಡ್ಡ ಬಂಡೆಗೆ ಊರವರು ಇಟ್ಟ ಹೆಸರು ಮೂಗು. ಮಳೆ ಮುಗಿದ ಮೇಲೆ ಅದರ ಬುಡದಲ್ಲಿ ಅಡ್ಡಡ್ಡಕ್ಕೆ ಒಂದು ಬಿರುಕು ಬಿಟ್ಟಿತ್ತು. ಮೊದಮೊದಲು ಅದರೊಳಗೆ ಬೆರಳು ತೂರುತ್ತಿತ್ತು, ಆಮೇಲೆ ಮುಷ್ಟಿ. ಒಂದು ದಿನ ಅವಳು ಹಿಡಿಗಲ್ಲು ಹಾಕಿ ಕಿವಿಗೊಟ್ಟಳು. ಕಲ್ಲು ತಳ ಮುಟ್ಟಿದ ಸದ್ದೇ ಕೇಳಲಿಲ್ಲ. ಅಂದೇ ಕುರಿ ಮೇಯುವ ಬಯಲಿನ ಕಡೆಯಿಂದ ಹೊಸ ದಾರಿ ಹಾಕಿ, ಮೂಗಿನ ಗುಡ್ಡೆಗಳನ್ನು ಉರುಳಿಸಿ, ಕವಲಿನಲ್ಲಿ ಹಗ್ಗ ಕಟ್ಟಿ ಫಲಕ ನೆಟ್ಟಳು. ಅಂಗಡಿಯವರಿಗೆ, ವಸತಿಗೃಹದವರಿಗೆ, ಕುರಿ ಕಾಯುವವನಿಗೆ, ಎಲ್ಲರಿಗೂ ಹೇಳಿ ಬಂದಳು.

ಹೇಳದೆ ಬಿಟ್ಟದ್ದು ಒಬ್ಬನಿಗೆ, ಅಪ್ಪನಿಗೆ.

ಮೂಗಿನ ದಾರಿಯನ್ನು ಹಾಕಿದವನೇ ಅಪ್ಪ. ಮದುವೆಗೂ ಮುಂಚೆ, ಒಬ್ಬನೇ, ಕಲ್ಲು ಹೊತ್ತು ಹೊತ್ತು ಹೆಗಲು ಸುಲಿಸಿಕೊಂಡು. ಈಗ ಅವನ ಕಣ್ಣಿಗೆ ಪೊರೆ ಬಂದಿತ್ತು. ಹತ್ತಿರದ್ದು ಮಸುಕು, ದೂರದ್ದು ಇಲ್ಲವೇ ಇಲ್ಲ. ಅವನ ಕೆಲಸ ಮಗಳ ಕೈಗೆ ಬಂದಿತ್ತು. ಕಣ್ಣು ಹೋಯಿತು, ಕೆಲಸ ಹೋಯಿತು, ಇನ್ನು ಮೂಗೂ ಹೋಯಿತು ಎಂದು ಆ ಮುದುಕನಿಗೆ ಯಾವ ಬಾಯಲ್ಲಿ ಹೇಳುವುದು? ನಾಳೆ ಹೇಳಿದರಾಯಿತು ಎಂದುಕೊಂಡಳು. ಬೇಡದ ಮಾತಿಗೆಲ್ಲ ನಾಳೆ ಎನ್ನುವುದು ಬಲು ಅನುಕೂಲದ ದಿನ.

ಗುಡ್ಡೆ ಎಬ್ಬಿಸುತ್ತಿರುವವನು ಊರವರು ಮೀಸೆ ಎಂದು ಕರೆಯುವ ಚಹಾದವನೇ ಎಂದು ಅವಳಿಗೆ ಅನುಮಾನವಿರಲಿಲ್ಲ. ಮೂಗಿಗೆ ತಿರುಗುವ ಕವಲಿನಲ್ಲೇ ಅವನ ಚಹಾ ಅಂಗಡಿ. ದಾರಿ ಮುಚ್ಚಿದ ಮೇಲೆ ಅಲ್ಲಿ ನೊಣ ಹೊಡೆಯುವ ಕೆಲಸ ಮಾತ್ರ ಉಳಿದಿತ್ತು. ಆ ದಿನ ಮಧ್ಯಾಹ್ನ, ಕಡಲಿನಿಂದ ಮಂಜು ಮೇಲೇರಿ ಬರುತ್ತಿದ್ದಾಗ, ಅವಳು ಸೀದಾ ಅಂಗಡಿಗೆ ನುಗ್ಗಿದಳು.

"ನಾಚಿಕೆ ಆಗಲ್ವಾ ನಿಮಗೆ? ನಾಲ್ಕು ಲೋಟ ಚಹಾ ಮಾರೋಕೆ ಜನರನ್ನ ಸಾಯಿಸ್ತೀರಾ?"

ಲೋಟ ಒರೆಸುತ್ತಿದ್ದ ಮೀಸೆ ಕಕ್ಕಾಬಿಕ್ಕಿಯಾದ. "ನಾನೇನಮ್ಮ ಮಾಡಿದೆ?"

"ಮೂಗಿನ ಮೇಲೆ ಗುಡ್ಡೆ ಕಟ್ತಿರೋರು ಯಾರು ಮತ್ತೆ?"

"ನಾನಾ? ಈ ಹೊಟ್ಟೆ ನೋಡಿ. ಬಗ್ಗಿದ್ರೆ ಏಳೋಕೆ ಇನ್ನೊಬ್ಬರು ಬೇಕು. ಗುಡ್ಡೆ ಕಟ್ತಾರಂತೆ!" ಹೀಗೆಂದು ನಕ್ಕವನು ಅವಳ ಮುಖ ನೋಡಿ ನಗು ನುಂಗಿಕೊಂಡ. ಲೋಟ ಕೆಳಗಿಟ್ಟ. "ಒಂದು ನಿಮಿಷ. ಮೂಗಿನ ಮೇಲೆ ಅಂದ್ರಾ? ಹೊಸ ದಾರೀದಲ್ವಾ?"

"ಹೊಸ ದಾರಿ ಗುಡ್ಡೆಗೆ ಏನಾಗಿದೆ?"

"ನಿಮ್ಮ ತಂದೆಯವರು ದಿನಾ ಬೆಳಗ್ಗೆ ಬಂದು ಚಹಾ ಕುಡಿದು ಹೋಗ್ತಾರೆ. ಕೈಯೆಲ್ಲ ಕಲ್ಲಿನ ಪುಡಿ. ಮಗಳು ಕಟ್ಟಿದ್ದು ನಿಲ್ತಾ ಇಲ್ಲ, ಕೈ ಇನ್ನೂ ಪಳಗಿಲ್ಲ, ಜನ ಆಡ್ಕೊಳ್ಳೋ ಮುಂಚೆ ನಾನೇ ಸರಿ ಮಾಡಿಬಿಡ್ತೀನಿ ಅಂದ್ರು. ನಿಮಗೆ ಹೇಳ್ಬೇಡ, ನೊಂದ್ಕೋತಾಳೆ ಅಂದ್ರು. ನಾನು ಹೊಸ ದಾರೀದೇ ಅಂದ್ಕೊಂಡೆ ಕಣಮ್ಮ."

"ಇವತ್ತು ಬಂದಿದ್ದನಾ?"

"ಬಂದಿದ್ರು. ಹಿಂದಿನ ಕುರಿದಾರಿ ಹಿಡಿದು ಮತ್ತೆ ಹೋದ್ರು. ವಾಪಸು ಬಂದಿದ್ದು ನೋಡಲಿಲ್ಲ."

ಕುರಿದಾರಿ ಅವಳ ಮನೆಯ ಹಿತ್ತಲಿನಿಂದ ಹೊರಟು, ಅಂಗಡಿಯ ಹಿಂಬದಿ ಹಾದು, ನೇರ ಮೂಗಿಗೆ ಸೇರುತ್ತದೆ. ಅಲ್ಲಿ ಹಗ್ಗವಿಲ್ಲ, ಫಲಕವಿಲ್ಲ. ಅಲ್ಲಿಂದ ಅಪ್ಪನ ಹೊರತು ಯಾರೂ ಹೋಗುತ್ತಿರಲಿಲ್ಲ, ಕಣ್ಣು ಹೋದ ಮೇಲೆ ಅವನೂ ಹೋಗಲಾರ ಎಂದು ಅವಳು ಅದನ್ನು ಹಾಗೇ ಬಿಟ್ಟಿದ್ದಳು.

"ನೀವು ನಡೀರಿ, ನಾನು ಹಗ್ಗ ತರ್ತೀನಿ," ಎಂದು ಮೀಸೆ ಕೂಗುವಷ್ಟರಲ್ಲಿ ಅವಳು ಓಡಿದ್ದಳು.

ಮಂಜು ಬಂಡೆಯನ್ನೂ ಕಡಲನ್ನೂ ಒಂದು ಮಾಡಿತ್ತು. ಕೆಳಗೆಲ್ಲೋ ಅಲೆ ಒಡೆಯುವ ಸದ್ದು. ಗುಡ್ಡೆಗಳು ಒಂದಾದ ಮೇಲೊಂದರಂತೆ ಎದುರಾದವು, ಎಲ್ಲವೂ ನೆಟ್ಟಗೆ, ಎಲ್ಲವೂ ಭದ್ರವಾಗಿ. ಪ್ರತಿಯೊಂದರ ಗಾಳಿಯ ಮಗ್ಗುಲಿಗೆ ಒಂದು ಚಪ್ಪಟೆ ಕಲ್ಲಿನ ಒತ್ತು. ಅಪ್ಪನದೇ ಕೈ. ಇಷ್ಟು ದಿನ ಸಿಟ್ಟಿನ ಭರದಲ್ಲಿ ಅವುಗಳನ್ನು ಒದ್ದಳೇ ಹೊರತು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು.

ಬೆಳಗ್ಗೆ ಅವಳು ನೋಡಿದಾಗ ಮುಷ್ಟಿಯಷ್ಟೇ ಇದ್ದ ಬಿರುಕು ಈಗ ಬಾಯಿ ತೆರೆದಿತ್ತು. ಹಳೆಯ ದಾರಿ ಅದನ್ನು ದಾಟುವ ಕಡೆ ಒಬ್ಬ ಮನುಷ್ಯ ಸಲೀಸಾಗಿ ಇಳಿದುಹೋಗುವಷ್ಟು ಅಗಲ. ಆಚೆಯಿಂದ ಬರುವವರಿಗೆ ದಾಟಿದ ಕೂಡಲೇ ಸಿಗುವ ಗುಡ್ಡೆ ಮಾತ್ರ ಈಚೆ ಬದಿಯಲ್ಲಿ ಬಾ ಬಾ ಎನ್ನುವಂತೆ ನಿಂತಿತ್ತು. ಆಚೆಯ ಮಂಜಿನೊಳಗಿಂದ ಕಲ್ಲಿಗೆ ಕಲ್ಲು ಕೂರಿಸುವ ಸದ್ದು ಬರುತ್ತಿತ್ತು, ನಿಧಾನವಾಗಿ, ಯಾವ ಅವಸರವೂ ಇಲ್ಲದೆ.

"ಅಪ್ಪಾ! ಇದ್ದಲ್ಲೇ ಇರು!"

ಸದ್ದು ನಿಂತಿತು. "ಎಲ್ಲಿದೀಯೇ?"

"ಇಲ್ಲೇ, ಈಚೆ ಕಡೆ!"

"ಮಂಜಲ್ಲಿ ಇಲ್ಲೇ ಅಂದ್ರೆ ಎಲ್ಲಿ? ದನಿ ನಾಲ್ಕೂ ದಿಕ್ಕಿಂದ ಬರ್ತಿದೆ. ನಿನಗೆ ಕಲಿಸಿಲ್ವಾ? ಕಲ್ಲು ತಟ್ಟು."

ಮಂಜಿನಲ್ಲಿ ಬಾಯಿಯ ಕೂಗು ದಿಕ್ಕು ತಪ್ಪಿಸುತ್ತದೆ, ಕಲ್ಲಿನ ಸದ್ದು ತಪ್ಪಿಸುವುದಿಲ್ಲ ಎಂಬುದು ಅವನ ಗಟ್ಟಿ ನಂಬಿಕೆ. ಅವಳು ಬಿರುಕಿನ ಅಂಚು ಹಿಡಿದು ಎಡಕ್ಕೆ ಬಹುದೂರ ಸರಿದಳು. ಒಂದು ಹೆಜ್ಜೆಯಷ್ಟೇ ಅಗಲವಿದ್ದ ಜಾಗ ಸಿಕ್ಕಿತು. ಅಲ್ಲಿ ಕೂತು ಎರಡು ಕಲ್ಲು ಹಿಡಿದು ತಟ್ಟತೊಡಗಿದಳು. ಬೆರಳು ಜಜ್ಜಿಹೋಯಿತು, ನಿಲ್ಲಿಸಲಿಲ್ಲ. ಕೋಲು ಊರುವ ಸದ್ದು ಹತ್ತಿರವಾಯಿತು. ಮಂಜಿನೊಳಗಿಂದ ಮೊದಲು ಕೋಲು, ಆಮೇಲೆ ಅಪ್ಪ. ಕೋಲಿನ ತುದಿ ಬಿರುಕಿಗೆ ಇಳಿಯಿತು.

"ಇದೇನೇ ಇದು?"

"ಏನೂ ಕೇಳ್ಬೇಡ. ಕೈ ಕೊಡು. ದೊಡ್ಡ ಹೆಜ್ಜೆ ಹಾಕು."

ದಾಟಿಸಿ ಅವನನ್ನು ಅವುಚಿಕೊಂಡು ಅಲ್ಲೇ ಕುಸಿದಳು. ಅಳುತ್ತಲೇ ಬೈದಳು, ಬೈಯುತ್ತಲೇ ಎಲ್ಲವನ್ನೂ ಹೇಳಿದಳು. ಅಪ್ಪ ಕೋಲಿನಿಂದ ಬಿರುಕಿನ ಅಂಚನ್ನು ತಡವುತ್ತ ಕೇಳಿಸಿಕೊಂಡ.

"ಕೆಡವಿದ್ದು ನೀನಾ?"

"ನಾನೇ."

"ಮೊದಲು ಕುರಿ ಅಂದ್ಕೊಂಡೆ. ಆಮೇಲೆ ನಿನ್ನ ಕೈ ಸಡಿಲ ಅಂದ್ಕೊಂಡೆ. ಕೇಳೋಕೆ ಮನಸ್ಸು ಬರಲಿಲ್ಲ ಕಣೇ." ಇದ್ದಕ್ಕಿದ್ದಂತೆ ಅವಳ ತೋಳನ್ನು ಬಿಗಿಯಾಗಿ ಹಿಡಿದ. "ಹಾಗಾದ್ರೆ ಅವರು?"

"ಯಾರು?"

"ಗಂಡ ಹೆಂಡ್ತಿ. ಕುರಿದಾರೀಲಿ ಸಿಕ್ಕಿದ್ರು, ನನ್ನ ಜೊತೇಲೇ ಆಚೆಗೆ ಬಂದ್ರು. ತುದಿ ನೋಡ್ಕೊಂಡು ಬನ್ನಿ, ಗುಡ್ಡೆ ಎಲ್ಲ ನಿಲ್ಲಿಸಿದೀನಿ ಅಂತ ಕಳಿಸಿದೆ."

ಅವಳು ಅಪ್ಪನ ಕೈ ಬಿಡಿಸಿಕೊಂಡಳು. ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದಳು. "ಯಾರಾದ್ರೂ ಇದ್ದೀರಾ? ನಿಂತ್ಕೊಳ್ಳಿ! ಮುಂದೆ ಬರ್ಬೇಡಿ!"

ಮಂಜಿನಾಚೆಯಿಂದ ಹೆಣ್ಣುದನಿಯೊಂದು ಗೆಲುವಾಗಿ ಓಗೊಟ್ಟಿತು. "ಹೆದರ್ಬೇಡಿ! ಗುಡ್ಡೆ ಕಾಣ್ತಿದೆ, ಅದನ್ನೇ ಹಿಡ್ಕೊಂಡು ಬರ್ತಿದೀವಿ!"

"ಗುಡ್ಡೆ ಕಡೆ ಬರ್ಬೇಡಿ! ಅಲ್ಲಿ ಬಿರುಕಿದೆ!"

"ಏನು? ಕೇಳಿಸ್ತಿಲ್ಲ!" ಗಂಡಸಿನ ದನಿ, ನಗುವಿನೊಂದಿಗೆ. "ಕೂಗಿದ ಕಡೆ ಹೋಗ್ಬೇಡಿ, ಗುಡ್ಡೆ ಬಿಡ್ಬೇಡಿ ಅಂದಿದಾರೆ ಅಜ್ಜ!"

ಹಳೆಯ ದಾರಿ ಬಿರುಕು ದಾಟುವ ಕಡೆ, ಈಚೆ ಬದಿಯಲ್ಲಿ ನಿಂತಿರುವ ಆ ಒಂದು ಗುಡ್ಡೆಯನ್ನು ಉರುಳಿಸಬೇಕು, ಅದೊಂದೇ ಉಳಿದ ದಾರಿ. ಅವಳು ಬಿರುಕಿನ ಅಂಚಿಗುಂಟ ಎಡವುತ್ತ ಓಡಿದಳು. ಮಂಜು ಇನ್ನಷ್ಟು ದಟ್ಟೈಸಿತ್ತು. ಇಲ್ಲೇ ಇರಬೇಕು ಎಂದುಕೊಂಡ ಕಡೆ ಬರೀ ಬಂಡೆ. ಗುಡ್ಡೆಯನ್ನು ದಾಟಿ ಮುಂದೆ ಬಂದೆನೋ, ಇನ್ನೂ ಹೋಗಬೇಕೋ, ಗೊತ್ತಾಗಲಿಲ್ಲ. ಗಾಳಿಯಲ್ಲಿ ಕೈ ಬೀಸುತ್ತ ಹುಡುಕಿದಳು.

ಅವಳ ಹಿಂದಿನಿಂದ ಅಪ್ಪ ಕೂಗತೊಡಗಿದ. ಮಂಜಿನಲ್ಲಿ ಒಮ್ಮೆಯೂ ಬಾಯಿ ತೆರೆದು ಕೂಗದಿದ್ದವನು, ಎದೆಯೊಳಗಿನ ಉಸಿರನ್ನೆಲ್ಲ ಹೊರಗೆ ಹಾಕಿ ಕೂಗಿದ.

"ಗುಡ್ಡೆ ಸುಳ್ಳು! ಕಟ್ಟಿದವನು ನಾನೇ ಹೇಳ್ತಿದೀನಿ, ಗುಡ್ಡೆ ಸುಳ್ಳು! ನಂಬಬೇಡಿ!"

ಆಚೆ ಕಡೆ ಎರಡು ಜೊತೆ ಬೂಟುಗಳ ಸದ್ದು ಒಂದೇ ಸಮನೆ ಹತ್ತಿರ ಬರುತ್ತಿತ್ತು.