ಕುಮಾರಿ ಕಣ್ಣು ಮುಚ್ಚಿಕೊಂಡ ದಿನ

ಗುಂಡ್ಲುಪೇಟೆಯ ಕಾನ್ವೆಂಟಿನಲ್ಲಿ ಶಾಂತಿ ಟೀಚರ್ ಒಮ್ಮೆ ಗದರಿದರೆ ಹಿಂದಿನ ಬೆಂಚಿನವರೂ ನೆಟ್ಟಗೆ ಕೂರುತ್ತಿದ್ದರು. ತರಬೇತಿ ಮುಗಿಸಿ ಚಾಮರಾಜನಗರದ ಕಿವುಡ ಮಕ್ಕಳ ಶಾಲೆಗೆ ಬಂದಮೇಲೆ ಆ ಗಂಟಲಿಗೆ ಕೆಲಸವಿಲ್ಲದಾಯಿತು. ಕೈಸನ್ನೆ ಕಲಿತಿದ್ದಳು, ನಿಜ. ಆದರೆ ಕೋಪ ಬಂದಾಗ ಮೊದಲು ಏಳುತ್ತಿದ್ದುದು ಕೈಯಲ್ಲ, ದನಿ.

ತರಗತಿಯಲ್ಲಿ ಅರ್ಧ ಬಳೆಯಂತೆ ಜೋಡಿಸಿದ್ದ ಡೆಸ್ಕುಗಳು ಅವಳಿಗೆ ಅಡ್ಡಾದಿಡ್ಡಿಯಾಗಿ ಕಂಡವು. ಸೋಮವಾರ ಅವನ್ನೆಲ್ಲ ಸಾಲಾಗಿ ಹಾಕಿಸಿ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದಾಗ ಹಿಂದೆ ದಡಾರನೆ ಸದ್ದಾಯಿತು. ತಿರುಗಿದರೆ ಡೆಸ್ಕು ಉರುಳಿಬಿದ್ದಿದೆ. ಕಾಡಂಚಿನ ಪುಣಜನೂರಿನ ಕುಮಾರಿ ತನ್ನ ಹಿಂದೆ ಕೂತಿದ್ದ ಸಿದ್ಧಾರ್ಥನ ಕೂದಲು ಹಿಡಿದು ಎಳೆಯುತ್ತಿದ್ದಾಳೆ.

"ಏಯ್!" ಎಂದಳು ಶಾಂತಿ. ಒಬ್ಬರೂ ತಿರುಗಲಿಲ್ಲ. ಓಡಿಹೋಗಿ ಬಿಡಿಸಿ, ಕುಮಾರಿಯ ಮುಂದೆ ನಿಂತು ಸನ್ನೆಯಲ್ಲಿ ಬೈಯತೊಡಗಿದಳು. ಹುಡುಗಿ ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡಳು. ಇನ್ನು ಏನು ಹೇಳಿದರೂ ಮುಟ್ಟುವಂತಿರಲಿಲ್ಲ. ಆ ಕೈಗಳನ್ನು ಶಾಂತಿ ಕೀಳಲು ಹೋದಾಗ ಕುಮಾರಿ ಕಿರುಚಿದಳು.

ಪಕ್ಕದ ತರಗತಿಯಿಂದ ನಜೀಮಾ ಮೇಡಂ ಬಂದರು. ಈ ಶಾಲೆಯಲ್ಲೇ ತಲೆ ನರೆಸಿಕೊಂಡವರು. ಸ್ವಿಚ್ಚು ಒತ್ತಿ ದೀಪ ಮಿಣುಕಿಸಿದೊಡನೆ ಗುಂಪೆಲ್ಲ ಅವರತ್ತ ತಿರುಗಿತು.

"ಕೈ ಬುಡಿ ಟೀಚರ್," ಎಂದರು ಮೆಲ್ಲಗೆ. "ಕಣ್ಣು ಮುಚ್ಚವ್ಳೆ ಅಂದ್ರೆ ಬಾಗ್ಲು ಹಾಕ್ಕಂಡವ್ಳೆ ಅಂತ. ಒಡ್ಕೊಂಡ್ ಒಳಿಕ್ಕೆ ಹೋಗ್ಬಾರ್ದು."

"ಮತ್ತೇನ್ ಮಾಡೋದು ಮೇಡಂ?"

"ತಡೀರಿ, ಅವ್ಳೇ ತೆಗೀತಾಳೆ."

ನಜೀಮಾ ಮಕ್ಕಳನ್ನು ನೆಲದ ಮೇಲೆ ಕೂರಿಸಿ ಕತೆ ಶುರುಮಾಡಿದರು. ತೋಳು ಸೊಂಡಿಲಾಯಿತು, ಸೆರಗು ಕಿವಿಯಾಯಿತು. ಆನೆ ಕುಣಿಯುತ್ತ, ಕಂಡವರಿಗೆಲ್ಲ ಸಲಾಮು ಹೊಡೆಯುತ್ತ ಬಾಳೆತೋಟಕ್ಕೆ ನುಗ್ಗಿತು. ಮಕ್ಕಳು ನೆಲ ಬಡಿದು ನಕ್ಕರು. ಆ ಅದುರು ಕುಮಾರಿಯ ಕಾಲಿಗೂ ತಾಗಿರಬೇಕು. ಬೆರಳ ಸಂದಿಯಿಂದ ಒಂದು ಕಣ್ಣು ಇಣುಕಿತು. ಮುಚ್ಚಿತು. ಮತ್ತೆ ಇಣುಕಿತು. ನಜೀಮಾ ಆ ಕಡೆ ನೋಡಲೇ ಇಲ್ಲ. ಆನೆಯನ್ನು ಇನ್ನಷ್ಟು ಕುಣಿಸಿದರು.

ಕಾಡಂಚಿನ ಹುಡುಗಿಗೆ ತಡೆಯಲಾಗಲಿಲ್ಲ. ಎದ್ದು ಬಂದು ಮೇಡಮ್ಮರ ಕೈ ಸರಿಸಿ ತಾನೇ ನಿಂತಳು. ಆನೆ ಹೀಗೆ ಬರುವುದಿಲ್ಲ, ಎಂದವು ಅವಳ ಕೈಗಳು. ಮೊದಲು ನಾಯಿಯ ಕಿವಿ ನಿಮಿರುತ್ತದೆ. ಅವ್ವ ಗಟ್ಟಿಯಾಗಿ ಕೈ ಹಿಡಿಯುತ್ತಾಳೆ. ಪಾದದಡಿ ನೆಲ ಸಣ್ಣಗೆ ಅದುರುತ್ತದೆ. ಆಮೇಲೆ ಕತ್ತಲೆಯೇ ಅಲುಗಿದ ಹಾಗೆ... ಆ ಪುಟ್ಟ ಮೈ ಗೋಡೆಯಷ್ಟಾಯಿತು. ಶಾಂತಿ ಒಂದು ಹೆಜ್ಜೆ ಹಿಂದೆ ಸರಿದಳು.

ಎಲ್ಲರೂ ಕೈಯೆತ್ತಿ ಅಲ್ಲಾಡಿಸಿ ಮೆಚ್ಚಿದ ಮೇಲಷ್ಟೇ ನಜೀಮಾ ಜಗಳದ ಕಾರಣ ಕೇಳಿದರು. ಈಗ ಕುಮಾರಿ ಹೇಳಿದಳು: ಸಾಲಲ್ಲಿ ಕೂತರೆ ಹಿಂದಿನಿಂದ ಯಾರು ಬಂದರೂ ತಿಳಿಯುವುದಿಲ್ಲ. ಇವನು ರಬ್ಬರಿಗೆಂದು ಬೆನ್ನು ತಿವಿದ, ಎದೆ ಝಲ್ಲೆಂದಿತು. ಸಿದ್ಧಾರ್ಥ ಪೆಚ್ಚಾಗಿ ಕಿವಿ ಹಿಡಿದುಕೊಂಡ.

"ಸಾಲು ಹಾಕ್ಸಿದ್ದು ನಾನೇ ಮೇಡಂ," ಎಂದಳು ಶಾಂತಿ.

"ನಿಮ್ ಕ್ಲಾಸು, ನೀವೇ ನೋಡ್ಕಳಿ," ಎಂದು ನಕ್ಕು ನಜೀಮಾ ಹೊರಟರು.

ಶಾಂತಿ ಮಕ್ಕಳ ಜೊತೆ ಸೇರಿ ಡೆಸ್ಕುಗಳನ್ನು ಮೊದಲಿನಂತೆ ಅರ್ಧ ಬಳೆಯಾಗಿ ಹಾಕಿದಳು. ಇಷ್ಟು ಹೊತ್ತು ಮೇಡಮ್ಮರ ತರಗತಿ ಏನಾಗಿರಬಹುದೋ ಎಂದು ಗಾಬರಿಯಾಗಿ ಬಾಗಿಲ ಬಳಿ ಹೋಗಿ ನೋಡಿದಳು. ಅಲ್ಲಿ ಫಾಯಿಜಾ ಎಂಬ ಹುಡುಗಿ ಸೀಮೆಸುಣ್ಣ ಹಿಡಿದು ಉಳಿದವರಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದಳು. ನಜೀಮಾ ಮೇಡಂ ಸದ್ದಿಲ್ಲದೆ ಕೊನೆಯ ಜಾಗದಲ್ಲಿ ಕೂತು, ಅರ್ಥವಾಗಲಿಲ್ಲವೆಂದು ಕೈಯೆತ್ತಿದರು.