ಆಸ್ಪತ್ರೆ ಬಸ್ಸಿನಲ್ಲಿ ಪುರಸಭೆ

ಹೊಲಿಗೆಯಮ್ಮ ಪುರಸಭೆಯ ಅಧ್ಯಕ್ಷೆಯಾದದ್ದು ಒಂದೇ ಮಾತಿನ ಬಲದಿಂದ: ಗುಡ್ಡದ ಮೇಲಿನ ಆಸ್ಪತ್ರೆಗೆ ಹೋಗುವ ಬಸ್ಸನ್ನು ನಿಲ್ಲಿಸಲು ಬಿಡುವುದಿಲ್ಲ. ಜನ ನಂಬಿ ಓಟು ಹಾಕಿದರು. ಆದರೆ ಕುರ್ಚಿ ಬಿಸಿಯಾಗುವ ಮೊದಲೇ ರಾಜಧಾನಿಯಿಂದ ಖರ್ಚು ಇಳಿಸುವ ತಜ್ಞನೊಬ್ಬ ಬಂದಿಳಿದ. ಬಹಳ ವಿನಯವಂತ. ಎದ್ದು ನಿಂತು ನಮಸ್ಕಾರ ಮಾಡಿಯೇ ವಾಚನಾಲಯ ಮುಚ್ಚಿಸಿದ, ಬೀದಿದೀಪ ಆರಿಸಿದ, ಕೊನೆಗೆ ಬಸ್ಸಿಗೂ ಕೈ ಹಾಕಿದ.

"ಬಟ್ಟೆಗಾದ್ರೂ ಅಳತೆ ತಗೊಂಡು ಕತ್ತರಿ ಹಾಕ್ತೀವಿ ಸ್ವಾಮಿ," ಎಂದಳು ಹೊಲಿಗೆಯಮ್ಮ.

"ಬಸ್ಸು ನಿಜವಾಗ್ಲೂ ಬೇಕಿದ್ರೆ ಖಾಸಗಿಯವರು ತಾವಾಗೇ ಬರ್ತಾರೆ ಮೇಡಂ. ಬರ್ಲಿಲ್ಲ ಅಂದ್ರೆ ಮಾರುಕಟ್ಟೆಗೆ ಬೇಡ ಅಂತ ಅರ್ಥ."

"ಜನಕ್ಕೆ ಬೇಕಲ್ಲ! ಓಟು ಹಾಕಿ ಹೇಳಿದಾರೆ."

"ಓಟಿನ ಮೇಲೆ ನಂಗೆ ತುಂಬಾ ಗೌರವ ಇದೆ. ನಿಮ್ಮ ಸಭೆಗಳನ್ನ ನಾನು ಮುಟ್ಟೋದೇ ಇಲ್ಲ. ಎಲ್ಲಿ ಬೇಕಾದ್ರೂ, ಎಷ್ಟೊತ್ತು ಬೇಕಾದ್ರೂ ನಡೆಸಿ, ಅದರ ಖರ್ಚು ಕೇಳಲ್ಲ. ಪ್ರಜಾಪ್ರಭುತ್ವ ಅಲ್ವಾ?"

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಹಿಡಿದುಕೊಂಡರು. "ಮಂಡಿಗೆ ಇಂಜೆಕ್ಷನ್ ಹಾಕಿಸ್ಕೊಳ್ಳೋಕೆ ಗುಡ್ಡ ಹತ್ತಬೇಕಂತೆ! ಹತ್ತೋಷ್ಟು ಮಂಡಿ ಇದ್ರೆ ಇಂಜೆಕ್ಷನ್ ಯಾಕೆ ಬೇಕಿತ್ತು? ಇಂಥ ಸೊಸೆ ಅಧ್ಯಕ್ಷೆ ಆಗಿ ಏನು ಬಂತು?"

ಹೊಲಿಗೆಯಮ್ಮ ಹೊಲಿಗೆ ಯಂತ್ರದ ಮುಂದೆ ಕೂತಳು. ಒಂದು ಪ್ಯಾಂಟಿನ ಅಂಚು ಹೊಲಿಯುತ್ತಿದ್ದಂತೆ ತಜ್ಞನ ಮಾತು ಕಿವಿಯಲ್ಲಿ ಗುಯ್ಗುಟ್ಟಿತು. ಎಲ್ಲಿ ಬೇಕಾದ್ರೂ. ಎಷ್ಟೊತ್ತು ಬೇಕಾದ್ರೂ. ಅವಳ ಕಾಲು ಪೆಡಲಿನ ಮೇಲೆ ನಿಂತುಹೋಯಿತು.

ಮರುದಿನ ಪುರಸಭೆ ತನ್ನ ಸಭೆಯನ್ನು ಆಸ್ಪತ್ರೆ ಬಸ್ಸಿಗೆ ವರ್ಗಾಯಿಸಿತು. ವಿಷಯ: ಊರಿನ ಭವಿಷ್ಯ. ಡೀಸೆಲ್ಲು ಸಭೆಯ ಖರ್ಚಿಗೆ. ಸಭೆ ಎಂದಮೇಲೆ ಸಾರ್ವಜನಿಕರನ್ನು ತಡೆಯುವಂತಿಲ್ಲ. ಕಂಡಕ್ಟರ್ "ಪ್ರಜೆಗಳೇ, ಒಳಗೆ ನಡೀರಿ!" ಎಂದು ಕೂಗಿದ, ಕೆಮ್ಮುವ, ಕುಂಟುವ ಪ್ರಜೆಗಳೆಲ್ಲ ಹತ್ತಿ ಕೂತರು.

ಸಭೆ ಮುಗಿದರೆ ಬಸ್ಸು ನಿಲ್ಲುತ್ತದೆ. ಆ ಭಯಕ್ಕೆ ಮದ್ದು ವಿರೋಧ ಪಕ್ಷದಲ್ಲೇ ಇತ್ತು. ಅದರ ನಾಯಕ ನಿವೃತ್ತ ನಾಟಕದ ಮೇಷ್ಟ್ರು. ಅವರು ಮಾತಿಗೆ ಎದ್ದರೆ ಸದಸ್ಯರೆಲ್ಲ ಚಹಾಕ್ಕೆ ಏಳುತ್ತಿದ್ದರು. "ಮೇಷ್ಟ್ರೇ, ಸ್ವಲ್ಪ ವಿವರವಾಗಿ ಮಾತಾಡಿ," ಎಂದಳು ಹೊಲಿಗೆಯಮ್ಮ. ಹುಟ್ಟಿದಾರಭ್ಯ ಯಾರೂ ಹಾಗೆ ಕೇಳಿರಲಿಲ್ಲ. ಮೇಷ್ಟ್ರ ಕಣ್ಣು ತುಂಬಿ ಬಂತು. ಕಂಬಿ ಹಿಡಿದು ಶುರುಮಾಡಿದವರು ವಾರ ಕಳೆದರೂ ಪೀಠಿಕೆ ದಾಟಲಿಲ್ಲ.

ಕೊನೆಗೆ ತಜ್ಞನೇ ಬಸ್ಸು ಹತ್ತಿದ. ಕೂರಲು ಜಾಗವಿರಲಿಲ್ಲ.

"ಮೇಡಂ, ಇದು ಅನ್ಯಾಯ—"

"ಶ್! ಮೇಷ್ಟ್ರು ಮಾತಾಡ್ತಿದಾರೆ, ಕಾಣಲ್ವೇನಪ್ಪಾ?" ಎಂದು ಅತ್ತೆ ಗದರಿದರು.

ಗುಡ್ಡ ಹತ್ತಿ ಇಳಿಯುವುದರೊಳಗೆ ಅವನ ಟೈ ಸಡಿಲವಾಗಿತ್ತು. "ಬೆಳಿಗ್ಗೆ, ಸಂಜೆ ಬಸ್ಸು ಬಿಡ್ತೀನಿ. ಮಧ್ಯಾಹ್ನದ್ದು ಆಗಲ್ಲ. ದಯವಿಟ್ಟು ಆ ಮೇಷ್ಟ್ರನ್ನ ಕೂರ್ಸಿ."

ಹೊಲಿಗೆಯಮ್ಮ ಸುತ್ತ ನೋಡಿದಳು. ಸದಸ್ಯರ ಸೊಂಟ ಬಿದ್ದುಹೋಗಿತ್ತು. ಅತ್ತ ಊರಲ್ಲಿ ಅವಳ ಅಂಗಡಿಯ ಮುಂದೆ ಗಿರಾಕಿಗಳು ಅರೆಹೊಲಿದ ಬಟ್ಟೆಗಾಗಿ ಶಾಪ ಹಾಕುತ್ತಿದ್ದರು. ಪೂರಾ ಗೆಲ್ಲುವ ಆಸೆಯನ್ನು ಕಷ್ಟಪಟ್ಟು ನುಂಗಿಕೊಂಡಳು.

"ನಾನೊಬ್ಬಳೇ ಹೂಂ ಅನ್ನೋಕಾಗಲ್ಲ. ಒಪ್ಪಿಗೆ ಇದ್ದೋರು ಕೈ ಎತ್ತಿ."

ಕೈಗಳು ಎದ್ದವು. ಅದೇ ಹೊತ್ತಿಗೆ ಬಸ್ಸು ತಿರುವಿನಲ್ಲಿ ವಾಲಿತು. ತಜ್ಞ ಗಬಕ್ಕನೆ ಮೇಲಿನ ಕಂಬಿ ಹಿಡಿದ. ಪುರಸಭೆಯ ಗುಮಾಸ್ತ ಅವನ ಕೈಯನ್ನೂ ಎಣಿಸಿಬಿಟ್ಟ. ಪೀಠಿಕೆ ಮುಗಿಯಲಿಲ್ಲವೆಂದು ಮೇಷ್ಟ್ರೊಬ್ಬರೇ ವಿರೋಧಿಸಿದರು.

ಇಳಿಯುವಾಗ ಹೊಲಿಗೆಯಮ್ಮ ಅತ್ತೆಗೆ ತೋಳು ಕೊಟ್ಟಳು. ಒಳಗೊಳಗೇ ಹೆಮ್ಮೆಯಿತ್ತು, ಒಂದು ಒಳ್ಳೆಯ ಮಾತಿಗಾಗಿ ಕಾದಳು.

"ನನ್ನ ಡಾಕ್ಟ್ರು ಬರೋದು ಮಧ್ಯಾಹ್ನ ಕಣೇ," ಎಂದರು ಅತ್ತೆ. ಸೊಸೆಯ ಮುಖ ಸಪ್ಪಗಾದದ್ದು ಕಂಡು ಅವಳ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. "ಹೋಗ್ಲಿ ಬಿಡು. ಬೆಳಿಗ್ಗೆ ಹತ್ಕೊಂಡು ಹೋಗಿ ಅಲ್ಲೇ ಕೂತಿರ್ತೀನಿ. ಮಾತಿಗೆ ಜೊತೆ ಬೇಕು, ಆ ಮೇಷ್ಟ್ರನ್ನೂ ಬರೋಕೆ ಹೇಳು."